ಮಷೀನಿನ ಮೇಲಿನ ಹೆಸರು

ಬರಗಾಲಕ್ಕೆ ಪುಣೆಗೆ ದುಡಿಯಲು ಹೋದವರು ಒಬ್ಬೊಬ್ಬರಾಗಿ ಊರಿಗೆ ಮರಳುತ್ತಿದ್ದ ವರ್ಷ ಅದು. ಭಾಲ್ಕಿಯ ಬಸ್ ಸ್ಟ್ಯಾಂಡಿನಲ್ಲಿ ಶಾಂತಾಬಾಯಿ ಟೀಚರ ಪಕ್ಕದಲ್ಲೇ ಒಬ್ಬ ಅತ್ತೆಯೂ ಪುಣೆಯಿಂದ ಹಸುಗೂಸನ್ನು ಎತ್ತಿಕೊಂಡು ಬಂದ ಸೊಸೆಯೂ ಖಟಕ ಚಿಂಚೋಳಿಯ ಬಸ್ಸಿಗೆ ಕಾಯುತ್ತಿದ್ದರು.

“ಉಷಾ ಅಂದ್ರ ಯಾವ ದೇವರ ಹೆಸರು, ಮೀರಾ?”

“ದೇವರದಲ್ರಿ ಅತ್ತಿ. ಹೊಲಿಗಿ ಮಷೀನಿಂದು.”

ಟೀಚರಿಗೆ ನಗು ಬಂತು. ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

“ಕೂಸಿಗಿ ಮಷೀನಿನ ಹೆಸರು ಯಾರರ ಇಡ್ತಾರೇನ? ನಮ್ಮವ್ವ ಕೇಶರಬಾಯಿ ಹೆಸರು ಇಡಬೇಕಂತ ಕುಂತಿದ್ದೆ ನಾ.”

“ಬಸರಿದ್ದಾಗ ಇಟ್ಟಂಗಿ ಹೊರೂದು ಆಗಲಿಲ್ರಿ. ಆ ಮಷೀನಿನ ಮುಂದ ಕುಂತು ಹೊಲಿಗಿ ಹಾಕೀನಿ. ಅದರ ಮ್ಯಾಗಿನ ಇಂಗ್ಲೀಷಿನ ನಾಲ್ಕ ಅಕ್ಷರ ದಿನಾ ನೋಡಿ ನೋಡಿ ಬರೀಲಿಕ್ಕ ಕಲತೀನಿ. ನಾ ಕಲತದ್ದು ಅಷ್ಟೇ ನೋಡ್ರಿ.”

ಬಸ್ಸು ಬಂದು ನಿಂತಿತು.

“ಎಲ್ಲಿ, ಬರದ ತೋರ್ಸು,” ಎಂದಳು ಅತ್ತೆ.

ಸೊಸೆ ಬಸ್ಸಿನ ಮೈಮೇಲಿನ ಧೂಳಿನಲ್ಲಿ ಬೆರಳಿನಿಂದ ಬರೆದಳು. ಟೀಚರು ನಗು ಮರೆತು ನೋಡಿದರು. ಒಂದು ಅಕ್ಷರವೂ ತಪ್ಪಿರಲಿಲ್ಲ.

“ನಾಲ್ಕೇ ಏನವಾ? ಹಂಗಾದ್ರ ಮನಿಗಿ ಹೋದಮ್ಯಾಲ ನನಗೂ ಕಲಿಸು,” ಎಂದು ಅತ್ತೆ ಮೊಮ್ಮಗಳನ್ನು ಎತ್ತಿಕೊಂಡು ಬಸ್ಸು ಹತ್ತಿದಳು.