ಅಪ್ಪನ ಸ್ಟಿಯರಿಂಗ್

"ಅಪ್ಪನ ಕಾರು ಕಡಿದು ಆಟಿಕೆ ಮಾಡಿದ್ದೀಯಲ್ಲೋ, ಕಟುಕ!"

ಇಂಗ್ಲೆಂಡಿನ ಡರ್ಬಿಯಲ್ಲಿ, ಮನೆಯಲ್ಲೇ ಬಿಡಿಭಾಗ ಜೋಡಿಸಿ ಕಟ್ಟಿದ ಕಾರುಗಳ ಕೂಟದಲ್ಲಿ, ಚಹಾದ ಸಾಲಿನಲ್ಲೇ ಅಣ್ಣ ಡಂಕನ್ ಹೀಗೆ ಕೂಗಿದ. ಎಲ್ಲರೂ ತಿರುಗಿ ನೋಡಿದಾಗ ರೋರಿಯ ಮುಖ ಸುಟ್ಟಂತಾಯಿತು.

"ಎಂಜಿನ್ ಅಪ್ಪನ ಕಾರಿಂದೇ ಅಣ್ಣಾ. ಸ್ಟಿಯರಿಂಗೂ ಅದರದ್ದೇ."

"ಗೇರ್‌ಬಾಕ್ಸು?"

"ಅದು ಒಡೆದಿತ್ತು. ಗುಜರಿಯಿಂದ ತಂದೆ."

"ಹಿಂದಿನ ಆಕ್ಸಲ್ಲು?"

"ಅದು... ಇನ್ಯಾವುದೋ ಕಾರಿಂದು."

"ಅದಕ್ಕೇ ಅಪ್ಪನ ನಂಬರ್ ಹೋಯ್ತು. ವಯಸ್ಸೇ ಗೊತ್ತಿಲ್ಲದ ಗಾಡಿಗೆ ಕೊಡೋ 'ಕ್ಯೂ' ಅಕ್ಷರದ ನಂಬರ್ ಹಾಕಿಸ್ಕೊಂಡು ಬಂದಿದ್ದೀಯ."

"ಸರ್ಕಾರ ಕೊಟ್ಟಿದ್ದು. ನಾನೇನು ಮಾಡ್ಲಿ?"

"ನಾಳೆ ಅಮ್ಮನ್ನ ಇದರಲ್ಲೇ ಅಪ್ಪನ ಸಮಾಧಿಗೆ ಕರ್ಕೊಂಡು ಹೋಗ್ತೀಯಲ್ಲ, ಇದು ಯಾರ ಕಾರು ಅಂತ ಅವಳು ಕೇಳಿದ್ರೆ ಏನಂತೀಯ?"

ಅದು ಈಗ ಯಾರ ಕಾರೆಂದು ರೋರಿಗೂ ಗೊತ್ತಿರಲಿಲ್ಲ. ಅಪ್ಪನ ಕೈ ಸವೆಸಿದ ಆ ಸ್ಟಿಯರಿಂಗ್ ಇದ್ದ ಕಡೆಗೆ, ಚಹಾನೂ ತೆಗೆದುಕೊಳ್ಳದೆ ನಡೆದುಬಿಟ್ಟ.