ನಾನೂರು ರೊಟ್ಟಿಯ ಬೆಲೆ

ಅಧ್ಯಕ್ಷರಾದ ವಿಜಯೇಂದ್ರ ಅವರೇ, ಕಾಂಪ್ಟಿಯಿಂದ ಬಂದ ಅತಿಥಿಗಳೇ, ಮೂಗನ್ನು ಅಡುಗೆಮನೆಗೆ ಕೊಟ್ಟು ಕಿವಿಯನ್ನು ಮಾತ್ರ ನನಗೆ ಬಿಟ್ಟಿರುವ ಸಭಿಕರೇ,

ಮಲ್ಲೇಶಪ್ಪ ಎಂಬ ನಾನು ಆರು ವರ್ಷದಿಂದ ನಾಗಪುರದ ಈ ಕನ್ನಡ ಸಂಘದ ಕಾರ್ಯದರ್ಶಿ. ಪ್ರತಿ ವಾರ್ಷಿಕೋತ್ಸವದ ಮುಂಚಿನ ಸಭೆಯಲ್ಲೂ ನಮ್ಮಲ್ಲಿ ಒಂದೇ ಜಗಳ. ಹುಡುಗರು, "ಸೀತಾಬರ್ಡಿ ಪ್ಯಾಟಿಯಿಂದ ಸಮೋಸಾ, ಕಚೋರಿ ತರಸೂಣು ಅಂಕಲ್, ಜಲ್ದಿ ಆಗ್ತದ" ಎನ್ನುತ್ತಿದ್ದರು. ನಾನು ಎದ್ದು ನಿಲ್ಲುತ್ತಿದ್ದೆ. ಸಮೋಸಾ ಪೊಟ್ಟಣಕ್ಕೆ ಹದಿನೈದು ರೂಪಾಯಿ. ಜೋಳದ ರೊಟ್ಟಿ, ಕಾಳು, ಮೆಂತ್ಯಪಲ್ಲೆಯ ಊಟಕ್ಕೆ ಎಂಟು. ಆರೋಗ್ಯವೂ ಬಂತು, ಹಣವೂ ಉಳಿಯಿತು! ನೀವು ಚಪ್ಪಾಳೆ ತಟ್ಟುತ್ತಿದ್ದಿರಿ. ಸೀತಾಬರ್ಡಿಯಲ್ಲಿ ಕಚೋರಿ ತಿಂದು, ಬಾಯಿ ಒರೆಸಿಕೊಂಡು ನಾನು ಆ ಸಭೆಗೆ ಬರುತ್ತಿದ್ದುದು ಯಾರಿಗೂ ಗೊತ್ತಿರಲಿಲ್ಲ. ಈಗ ಗೊತ್ತಾಯಿತು, ಇರಲಿ.

ಎಂಟು ರೂಪಾಯಿಗೆ ಹೇಗೆ ಆಗುತ್ತಿತ್ತು? ನನ್ನ ಹೆಂಡತಿ ಕಲಾವತಿ, ಪ್ರಭಾ, ಮಹಾದೇವಮ್ಮ, ಈ ಮೂವರು ನಾನೂರು ರೊಟ್ಟಿ ಬಡಿಯುತ್ತಿದ್ದರು. ಅದನ್ನು ನಾನು ಖರ್ಚು ಎಂದುಕೊಂಡಿರಲೇ ಇಲ್ಲ.

ಕಳೆದ ವರ್ಷ ಕಲಾವತಿ ಹಾಡಲು ಹೆಸರು ಕೊಟ್ಟಿದ್ದಳು. ಮದುವೆಯಾಗಿ ಇಪ್ಪತ್ತೆರಡು ವರ್ಷ. ಅವಳು ಹಾಡುತ್ತಾಳೆಂದು ನನಗೆ ತಿಳಿದದ್ದು ಆ ಪಟ್ಟಿ ನೋಡಿ. ಮೈಕಿನಲ್ಲಿ ಅವಳ ಹೆಸರು ಕೂಗಿದವನು ನಾನೇ. ಒಳಗಿನಿಂದ ಉತ್ತರ ಬಂತು: "ಒಂದ್ ಹತ್ತ್ ನಿಮಿಷ ತಡೀರಿ, ಕೈಯೆಲ್ಲಾ ಹಿಟ್ಟಾಗೇತಿ!"

ನಾನು ತಡೆಯಲಿಲ್ಲ. "ಮುಂದಿನ ಕಾರ್ಯಕ್ರಮ" ಎಂದುಬಿಟ್ಟೆ.

ಮನೆಗೆ ಹೋಗುವಾಗ ಆಟೋದಲ್ಲಿ ಅವಳು ಆಡಿದ್ದು ಒಂದೇ ಮಾತು: "ಬರೂ ವರ್ಷ ಸಮೋಸಾನ ತರಸ್ರಿ."

ಊಟಕ್ಕೆ ನಾನು ಉಳಿಸುತ್ತಿದ್ದ ಏಳು ರೂಪಾಯಿ ಎಲ್ಲಿಂದ ಬರುತ್ತಿತ್ತೆಂದು ಆಗ ತಿಳಿಯಿತು.

ಅದಕ್ಕೇ ಈ ಸಲ ನಾವು ಒಂಬತ್ತು ಗಂಡಸರು ಎರಡು ತಿಂಗಳ ಭಾನುವಾರಗಳನ್ನೆಲ್ಲ ರೊಟ್ಟಿ ಕಲಿಯಲು ಕೊಟ್ಟೆವು. ನನ್ನ ಮೊದಲ ರೊಟ್ಟಿ ನೋಡಿ ಮಹಾದೇವಮ್ಮ ಏನೆಂದರು ಗೊತ್ತೇ? "ಮಲ್ಲೇಶಪ್ಪಾರ, ಇದು ರೊಟ್ಟಿ ಏನ್ರಿ, ಮಹಾರಾಷ್ಟ್ರದ ನಕಾಶಿ ಏನ್ರಿ? ಬರೋಬರ್ ನಾಗಪುರದ ಕಡೆ ಹರದೈತಿ ನೋಡ್ರಿ!"

ಇವತ್ತು ಬೆಳಗಿನಿಂದ ನನಗೆ ಒಂದೇ ಭಯ. ರೊಟ್ಟಿ ಕೈಕೊಟ್ಟರೆ ಕಲಾವತಿ ಸೆರಗು ಸಿಕ್ಕಿಸಿಕೊಂಡು ಒಳಗೆ ಬಂದೇ ಬರುತ್ತಾಳೆ. ನೂರಕ್ಕೂ ಹೆಚ್ಚು ಹರಿದವು. ಅವಳು ಎರಡು ಸಲ ಬಾಗಿಲಿಗೂ ಬಂದಳು. ಎರಡು ಸಲವೂ ಬಾಗಿಲು ಹಾಕಿದೆವು.

ಈಗಷ್ಟೇ ಅವಳು ಹಾಡಿದ್ದನ್ನು ನೀವು ಕೇಳಿದಿರಿ. ನಾನೂ ಕೇಳಿದೆ, ಅಡುಗೆಮನೆಯಲ್ಲಿ, ಹಿಟ್ಟಿನ ಕೈಯಲ್ಲಿ. ಉಸ್ಸಪ್ಪಾ! ವರ್ಷದಿಂದ ಬಿಗಿಹಿಡಿದ ಉಸಿರು ಅದು. ಹಂಚಿನ ಮೇಲಿದ್ದ ರೊಟ್ಟಿ ಸೀದುಹೋಯಿತು. ಅದು ನನ್ನ ಎಲೆಗಿರಲಿ.

ನನ್ನ ಜೊತೆಗೆ ಕೈ ಸುಟ್ಟುಕೊಂಡ ಎಂಟು ಮಂದಿಗೂ, ಹರಿದ ರೊಟ್ಟಿಯನ್ನು ಮೊಸರಿಗೆ ಮುರಿದು ತಿನ್ನಲಿರುವ ನಿಮಗೂ ವಂದನೆಗಳು. ಕಲಾವತೀ, ಏಳಬ್ಯಾಡ. ಇವತ್ತು ನೀ ಮೊದಲನೇ ಪಂಕ್ತಿ. ಬಡಸಾಕ ನಾ ಬಂದೆ.

ನಮಸ್ಕಾರ.