ಒಂದನೇ ಕ್ಲಾಸಿಗೆ ಯಾವ ಪುಸ್ತಕ

"ಹಲೋ… ಯಾರು ಮಾತಾಡ್ತಿರೋದು?… ಓ, ಭಾವನವರಾ. ಸ್ಕೂಲ್ ನಂಬರಿಗೆ ಮಾಡಿದ್ರಲ್ಲ, ಗೊತ್ತಾಗ್ಲಿಲ್ಲ. ಹೇಳಿ."

ಮುಖ್ಯೋಪಾಧ್ಯಾಯಿನಿ ಕುರ್ಚಿಯಿಂದ ಎದ್ದು ನಿಂತಳು. ಮನೆಯಲ್ಲಿ ಅವರು ಗಂಡನ ಅಣ್ಣ. ಶಾಲೆಯಲ್ಲಿ ಆಡಳಿತ ಮಂಡಳಿಯ ಅಧ್ಯಕ್ಷರು. ಈ ಕೆಲಸ ಕೊಡಿಸಿದವರೂ ಅವರೇ. ಕಿಟಕಿಯಾಚೆ, ಅವರು ಕಳಿಸಿದ ಹೊಸ ಓದು-ಬರಹದ ಪುಸ್ತಕಗಳ ವ್ಯಾನು ಬಂದು ನಿಂತಿತ್ತು.

"ಹಾಂ, ಬಂದಿದೆ… ಇಲ್ಲ, ಇನ್ನೂ ಇಳಿಸಿಲ್ಲ… ನಾನೇ ಬೇಡ ಅಂದೆ."

…

"ಕೋಪ ಮಾಡ್ಕೋಬೇಡಿ. ಪುಸ್ತಕ ನೋಡೋಕೆ ಚೆನ್ನಾಗಿದೆ, ಇಲ್ಲ ಅಂದ್ನಾ? ಆದ್ರೆ ಈ ವರ್ಷ ಒಂದು ಸೆಕ್ಷನ್‌ಗೆ ಅದನ್ನೇ ಕೊಟ್ಟು ನೋಡಿದ್ವಲ್ಲ. ಮಕ್ಕಳು ಓದ್ತಿಲ್ಲ ಭಾವ. ಚಿತ್ರ ನೋಡಿ ಊಹೆ ಮಾಡ್ತಾರೆ… ಟೀಚರ್‌ಗಳನ್ನೆಲ್ಲ ಕೇಳಿದೀನಿ. ಮೊದಲು ಅಕ್ಷರ, ಆಮೇಲೆ ಪದ ಕಲಿಸುತ್ತಲ್ಲ, ಆ ತೆಳ್ಳನೆ ಪುಸ್ತಕವೇ ಇರಲಿ ಅಂತಾರೆ… ನಾನ್ಯಾರ ಕಿವಿನೂ ಊದಿಲ್ಲ."

ಅವಳು ರಿಸೀವರನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡಳು.

"ಏನು?… ಈ ಕುರ್ಚಿಗೆ ಬೇರೆಯವರು ಕಾಯ್ತಿದಾರಾ? ಸರಿ, ಕೂರಿಸಿ. ಅದಕ್ಕೆ ಮುಂಚೆ ಒಂದು ಕೇಳ್ಲಾ? ರಜ ಅಲ್ವಾ, ಮೊಮ್ಮಗಳು ಅಲ್ಲೇ ಇದಾಳೆ ತಾನೇ? ದನಿ ಕೇಳಿಸ್ತಿದೆ… ಹೌದೌದು, ಪಟಪಟ ಓದ್ತಾಳೆ, ಗೊತ್ತು. ಅವಳೂ ಅದೇ ಸೆಕ್ಷನ್ ತಾನೇ. ಪುಸ್ತಕ ತೆಗೆಸಿ. ನಾಯಿ ಚಿತ್ರ ಇರೋ ಪುಟ… ಸಿಕ್ತಾ? ಈಗ ಅಕ್ಷರ ಮುಚ್ಚೋ ಹಾಗೆ ಕೈ ಇಡಿ… ಚಿತ್ರದ ಮೇಲಲ್ಲ, ಅಕ್ಷರದ ಮೇಲೆ. ಓದು ಅನ್ನಿ."

…

"ಕೇಳಿಸ್ತು. 'ನಾಯಿ ನೀರಿಗೆ ಹಾರಿತು.' ಒಂಚೂರೂ ತಡವರಿಸ್ಲಿಲ್ಲ. ನಿಮ್ಮ ಕೈ ಇನ್ನೂ ಅಲ್ಲೇ ಇದೆ, ಅಲ್ವಾ ಭಾವ?… ಈಗ ಚಿತ್ರ ಮುಚ್ಚಿ. 'ನೀರಿಗೆ' ಅನ್ನೋ ಪದ ಮಾತ್ರ ತೋರಿಸಿ… ಏನಂದ್ಲು?… ನಾಯಿ ಅಂದ್ಲಾ."

ಆ ಕಡೆ ಭಾವನ ದನಿ ಏರಿತು. ಆದರೆ ಅದು ಇವಳ ಮೇಲಲ್ಲ.

"ಬೈಬೇಡಿ ಅವಳನ್ನ, ಭಾವ. ಪಾಪ, ಜಾಣೆ, ಅದಕ್ಕೇ ಎಲ್ಲಾ ಬಾಯಿಪಾಠ ಮಾಡ್ಕೊಂಡಿದಾಳೆ… ಅಳ್ತಿದಾಳಾ? ಎತ್ಕೊಳ್ಳಿ ಸ್ವಲ್ಪ."

…

"ಹಾಂ? ಅವಳನ್ನ ಬೇರೆ ಕೂರಿಸಿ ಅಕ್ಷರ ಕಲಿಸ್ಬೇಕಾ? ಕಲಿಸ್ತೀನಿ, ಅದಕ್ಕೇನಂತೆ. ಮನೆಮಗಳು… ಮಿಕ್ಕ ಮಕ್ಕಳಿಗೆ?"

…

"ಮಿಕ್ಕ ಮಕ್ಕಳಿಗೆ, ಭಾವ?… ಮಾತು ಕೊಟ್ಟಾಗಿದೆ ಅಂತೀರಿ. ಯಾರಿಗೆ, ಪುಸ್ತಕ ಮಾರೋರಿಗಾ? ಈ ಮಕ್ಕಳ ಅಪ್ಪ-ಅಮ್ಮಂದಿರಿಗೆ ನಾನೂ ಮಾತು ಕೊಟ್ಟಿದೀನಿ… ಇಲ್ಲ. ಅವಳಿಗೆ ಆಗದ ಪುಸ್ತಕ ಇವರಿಗೂ ಬೇಡ."

ಫೋನಿನ ವೈರು ಎಟುಕುವಷ್ಟು ದೂರ ಹೋಗಿ, ಒಂದೇ ಕೈಯಲ್ಲಿ ಕಿಟಕಿಯ ಚಿಲಕ ತೆಗೆದಳು.

"ಡ್ರೈವರಣ್ಣ, ಇಳಿಸಬೇಡಿ. ಹಾಗೇ ವಾಪಸ್ ತಗೊಂಡು ಹೋಗಿ… ಭಾವ, ಕೇಳಿಸ್ತಾ? ಈಗ ನಾನು ಹೇಳಿದ್ದು ನಿಮಗೆ ಕೇಳಿಸ್ತಾ?… ಹಲೋ?… ಹಲೋ?"

ಲೈನು ಕಟ್ಟಾಗಿತ್ತು. ಅಂಗಳದಲ್ಲಿ ವ್ಯಾನು ಮೆಲ್ಲಗೆ ಹಿಂದಕ್ಕೆ ಸರಿಯುತ್ತಿತ್ತು.